ಹಿಂದೆ ನೋಡಿ ಎಸೆಯಿರಿ ಮಾರಾಯ್ರೆ

ಬೆಂಗಳೂರಿನಲ್ಲಿದ್ದುಕೊಂಡು ಗಾಳದ ಹುಚ್ಚು ಹಿಡಿಸಿಕೊಂಡರೆ ಕಡಲಿಗೆ ಒಂದು ರಾತ್ರಿ ಬಸ್ಸಿನ ದಾರಿ. ಶುಕ್ರವಾರ ಮೆಜೆಸ್ಟಿಕ್‌ನಲ್ಲಿ ಉಡುಪಿ ಬಸ್ಸು ಹತ್ತಿದೆವು. ರಾಡುಗಳೆಲ್ಲ ಪಿವಿಸಿ ಪೈಪಿನೊಳಗೆ. "ಪ್ಲಂಬಿಂಗ್ ಕೆಲಸಾನಾ ಸಾರ್?" ಅಂದ ಕಂಡಕ್ಟರ್. ಶಿರಾಡಿ ಘಾಟಿಯಲ್ಲಿ ನಿದ್ದೆ ಕೆಟ್ಟಿತು, ಬೆಳಿಗ್ಗೆ ಮಲ್ಪೆ.

ಜೂನ್, ಜುಲೈನಲ್ಲಿ ಇಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಾವು ಹೋಗಿದ್ದು ನವೆಂಬರಿನಲ್ಲಿ, ಬಂದರಿನ ತುಂಬ ದೋಣಿಗಳು. ನಮ್ಮದು ಸಣ್ಣದು, ಜನ ಮಾತ್ರ ಹತ್ತು. ಖರ್ಚು ಹಂಚಿಕೊಳ್ಳೋಣ ಅಂತ ಯಾರೋ ಸ್ನೇಹಿತರ ಸ್ನೇಹಿತರನ್ನೂ ಸೇರಿಸಿದ್ದರು. ಅಲ್ಲೇ ಎಡವಟ್ಟು ಶುರು.

ಕೆರೆ ದಂಡೆಯಲ್ಲಿ ಎಸೆಯುವವನಿಗೆ ಬೆನ್ನ ಹಿಂದೆ ಯಾರೂ ಇರುವುದಿಲ್ಲ. ದೋಣಿಯಲ್ಲಿ ಬೆನ್ನ ಹಿಂದೆ ಯಾರದ್ದೋ ಮುಖ ಇರುತ್ತೆ. ಅರವತ್ತು ಗ್ರಾಂ ಲೂರ್, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ, ಅದಕ್ಕೆ ಎರಡು ಕಡೆ ಮೂರು ಮೂರು ಮೊನೆಯ ಕೊಕ್ಕೆ. ಒಬ್ಬರು ತಲೆ ಮೇಲಿಂದ ಜೋರಾಗಿ ಬೀಸಿದರು ನೋಡಿ, ಹಿಂದೆ ಕೂತು ಬನ್ಸ್ ತಿನ್ನುತ್ತಿದ್ದ ಹುಡುಗನ ಟೋಪಿ ಲೂರಿನ ಜೊತೆ ಹಾರಿ ನೀರಿಗೆ ಬಿತ್ತು. ಕೊಕ್ಕೆ ಟೋಪಿಯ ಗುಂಡಿಗೆ ಸಿಕ್ಕಿತ್ತು. ನಾಲ್ಕು ಬೆರಳು ಕೆಳಗೆ ಕಣ್ಣು. ಎಲ್ಲರೂ ನಕ್ಕರು, ದೋಣಿ ನಡೆಸುವ ತಾಂಡೇಲರು ನಗಲಿಲ್ಲ. ಇಂಜಿನ್ ನಿಲ್ಲಿಸಿ, "ಹಿಂದೆ ನೋಡಿ ಎಸೆಯಿರಿ ಮಾರಾಯ್ರೆ, ಕಣ್ಣು ಹೋದ್ರೆ ದಡಕ್ಕೆ ಒಂದು ಗಂಟೆ ಉಂಟು" ಅಂದರು.

ಆಮೇಲೆ ಜಾಗ ಅವರೇ ಹಂಚಿದರು. ಇದು ನನಗೆ ತುಂಬಾ ಹಿಡಿಸಿತು. ದೋಣಿಯ ಹಿಂಬದಿಯಲ್ಲಿ ನೀರಿನ ಕಡೆ ಮುಖ ಮಾಡಿ ನಿಂತರೆ ಬಲ ಮೂಲೆ ಬಲಗೈಯವರಿಗೆ, ಎಡ ಮೂಲೆ ಎಡಚರಿಗೆ. ಪಕ್ಕದಿಂದ ಬೀಸಿದಾಗ ರಾಡು ದೋಣಿಯ ಹೊರಗೇ ತಿರುಗುತ್ತೆ, ಯಾರ ತಲೆಯ ಮೇಲೂ ಬರುವುದಿಲ್ಲ. ನಡುವೆ ನಿಂತವರು ಕೆಳಗಿನಿಂದ ಮೆಲ್ಲಗೆ ತೂರಬೇಕು, ಅಷ್ಟೆ. ದೂರ ಹೋಗಲ್ಲ, ಹೋಗದಿದ್ದರೆ ಬೇಡ. ಅರ್ಧ ಗಂಟೆಗೊಮ್ಮೆ ಜಾಗ ಬದಲು. ಎಸೆಯುವ ಮುಂಚೆ "ಎಸೀತೀನಿ!" ಅಂತ ಕೂಗಬೇಕು. ಮೊದಮೊದಲು ನಾಚಿಕೆ, ಆಮೇಲೆ ಬಿಎಂಟಿಸಿ ಕಂಡಕ್ಟರ್ ಥರ ಸರಾಗವಾಗಿ ಬಾಯಿಗೆ ಬರುತ್ತೆ.

ಗಾಳಿ ದೋಣಿಯನ್ನು ತಳ್ಳುವ ಕಡೆಗೆ ಎಸೆದು ಸುಮ್ನೆ ಬಿಟ್ಟರೆ ದಾರ ದೋಣಿಯ ಅಡಿಗೇ ನುಗ್ಗುತ್ತೆ, ಆ ಕಡೆ ಇರುವವರ ದಾರಕ್ಕೆ ಸುತ್ತಿಕೊಳ್ಳುತ್ತೆ. ಬ್ರೇಡ್ (ಹೆಣೆದ ದಾರ) ಗಂಟು ಬಿಡಿಸುವುದು ಅಂದರೆ ಅರ್ಧ ದಿನ ಹಾಳು. ಒಬ್ಬರಿಗೆ ಮೀನು ಕಚ್ಚಿದರೆ ಪಕ್ಕದವರು ದಾರ ಸುತ್ತಿಕೊಂಡು ದಾರಿ ಬಿಡಬೇಕು. ಮೀನು ಸಿಕ್ಕವರು ಅದು ಎಳೆದ ಕಡೆ ನಡೆಯಲೇಬೇಕು ಅಲ್ವಾ?

ನಮಗೆ ಒಂದು ಅಂಜಲ್ ಮೀನು ಬಿತ್ತು. ಅದರ ಹಲ್ಲಿಗೆ ಬರೀ ದಾರ ತಡೆಯಲ್ಲ, ದಾರದ ತುದಿಗೆ ತಂತಿ ಕಟ್ಟಿರಬೇಕು. ದೋಣಿಯ ಹತ್ತಿರ ಬಂದಾಗಲೇ ಅಪಾಯ ಜಾಸ್ತಿ. ರಾಡು ಬಗ್ಗಿರುವಾಗ ಕೊಕ್ಕೆ ಮೀನಿನ ಬಾಯಿಂದ ಕಳಚಿದರೆ ಲೂರ್ ನೇರ ಮುಖಕ್ಕೆ ಹಾರುತ್ತೆ. ರಾಡು ತಗ್ಗಿಸಿ ಓರೆಯಾಗಿ ಹಿಡಿಯಿರಿ, ಪಕ್ಕದವರು ನೋಡೋಕೆ ಬಗ್ಗಬೇಡಿ, ಕನ್ನಡಕ ಹಾಕಿರಿ. ಕೊಕ್ಕೆಯ ಹಿಂಮೊನೆಯನ್ನು (ಹಿಂದಕ್ಕೆ ಚಾಚಿದ ಮುಳ್ಳು) ಮೊದಲೇ ಇಕ್ಕಳದಲ್ಲಿ ಒತ್ತಿಬಿಟ್ಟರೆ ಚರ್ಮಕ್ಕೆ ಚುಚ್ಚಿದರೂ ತೆಗೆಯುವುದು ಸುಲಭ. ಕಣ್ಣಿನ ಹತ್ತಿರ ಚುಚ್ಚಿದರೆ ಮಾತ್ರ ಮುಟ್ಟದೆ ಆಸ್ಪತ್ರೆಗೆ.

ಮುಂದಿನ ಸಲ ಇಂಥ ದೋಣಿಗೆ ಆರೇ ಜನ ಅಂತ ತೀರ್ಮಾನವಾಗಿದೆ. ತಲಾ ಖರ್ಚು ಜಾಸ್ತಿ ಬೀಳುತ್ತೆ, ಬೀಳಲಿ. ಟೋಪಿ ಕಳಕೊಂಡ ಹುಡುಗ ಆಗಲೇ ಹೆಸರು ಕೊಟ್ಟಿದ್ದಾನೆ, ಬೀಸಿದವರು ಇನ್ನೂ ಕೊಟ್ಟಿಲ್ಲ.