ರ‍್ಯಾಂಕು, ರಾತ್ರಿಯ ಫೋನು ಮತ್ತು ಹಾಸನ

ಕಳೆದ ಭಾನುವಾರ ನಮ್ಮ ಚಿಕ್ಕಮ್ಮನ ಮಗ ಮನೆಗೆ ಬಂದವನು ವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿ.ಜಿ.ಯ ರ‍್ಯಾಂಕಿನ ಕಾಗದವನ್ನು ಮೇಜಿನ ಮೇಲಿಟ್ಟು, "ರಾತ್ರಿ ಮಲಗೋಕೆ ಬಿಡೋ ಬ್ರಾಂಚ್ ಯಾವ್ದು ಹೇಳಕ್ಕ" ಎಂದು ಕೇಳಿದ. ಹಿಂದಿನ ರಾತ್ರಿ ಎರಡು ಗಂಟೆಗೆ ಎದ್ದು ಒಂದು ಸಿಸೇರಿಯನ್‌ಗೆ ಅರಿವಳಿಕೆ ಕೊಟ್ಟು ಬಂದಿದ್ದ ನನಗೆ ನಗು ಬಂತು.

ನಾನು ಅರಿವಳಿಕೆ ಶಾಸ್ತ್ರವನ್ನು ಆರಿಸಿಕೊಂಡದ್ದೂ ಇದೇ ಆಸೆಯಿಂದ. ಹೊರರೋಗಿಗಳ ಸಾಲಿಲ್ಲ, ಕ್ಲಿನಿಕ್ಕಿನ ಬಾಡಿಗೆಯಿಲ್ಲ, ಕೇಸು ಮುಗಿದರೆ ಮನೆ ಎಂದು ಸೀನಿಯರುಗಳು ಹೇಳಿದ್ದರು. ಪಾಳಿಯ ಪ್ರಕಾರ ಕೆಲಸ ಹಂಚುವ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಆದರೆ ನಮ್ಮೂರು ಹಾಸನದ ಸಣ್ಣ ನರ್ಸಿಂಗ್ ಹೋಮುಗಳು ಸಂಬಳ ಕೊಟ್ಟು ನಮ್ಮನ್ನು ಇಟ್ಟುಕೊಳ್ಳುವುದಿಲ್ಲ, ಕೇಸು ಬಂದಾಗ ಕರೆಯುತ್ತವೆ. ಅರಕಲಗೂಡಿನ ಕಡೆಯಿಂದ ಬಂದ ಗರ್ಭಿಣಿಯ ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಇಳಿಯುತ್ತಿದ್ದರೆ ಯಾರೂ ಬೆಳಗಾಗಲಿ ಎನ್ನುವಂತಿಲ್ಲ. ಎರಡು ರಾತ್ರಿ ಒಲ್ಲೆ ಎಂದರೆ ಮೂರನೆಯ ರಾತ್ರಿ, ಆಮೇಲೆ ಹಗಲಿನಲ್ಲೂ, ಫೋನು ಬೇರೆಯವರಿಗೆ ಹೋಗುತ್ತದೆ. ಆದ್ದರಿಂದ ಯಾವ ವಿಷಯ ಎನ್ನುವುದಕ್ಕಿಂತ ಮೊದಲು ಯಾವ ಊರು ಎಂದು ತೀರ್ಮಾನಿಸಿಕೋ ಎಂದೆ. ಅವನಿಗೆ ಹಾಸನವೇ ಬೇಕಂತೆ. ತೋಟವಿದೆ, ತಂದೆ ತಾಯಿ ಇದ್ದಾರೆ.

ಅವನ ಪಟ್ಟಿಯ ಮೊದಲ ಎರಡು ಹೆಸರು ಎಲ್ಲರ ಪಟ್ಟಿಯಲ್ಲಿಯೂ ಇರುವಂಥವೇ: ರೇಡಿಯಾಲಜಿ ಮತ್ತು ಚರ್ಮರೋಗ. ಚರ್ಮರೋಗಕ್ಕೆ ನಿಜಕ್ಕೂ ರಾತ್ರಿಯ ಕರೆ ತೀರ ಅಪರೂಪ. ರೇಡಿಯಾಲಜಿಯಲ್ಲಿ ಸಿ.ಟಿ. ವರದಿಯನ್ನು ಮನೆಯಲ್ಲಿ ಕೂತು ಬರೆಯಬಹುದಾದರೂ, ಸ್ವಂತ ಸ್ಕ್ಯಾನಿಂಗ್ ಕೇಂದ್ರ ತೆರೆಯಲು ಸಾಲ ಮಾಡಬೇಕು. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಗರ್ಭಿಣಿಯ ಸ್ಕ್ಯಾನಿಗೂ 'ಎಫ್' ನಮೂನೆ ತುಂಬಬೇಕು. ದಾಖಲೆಯಲ್ಲಿ ಲೋಪವಾದರೆ ಯಂತ್ರಕ್ಕೆ ಬೀಗಮುದ್ರೆ ಬೀಳಬಹುದು. ಇದೆಲ್ಲ ಸೀಟು ಸಿಕ್ಕವರ ಕಷ್ಟ. ಇನ್ನೂರು ಪ್ರಶ್ನೆ, 800 ಅಂಕ, ತಪ್ಪಿಗೊಂದು ಅಂಕ ಕಡಿತ ಎನ್ನುವ ಪರೀಕ್ಷೆಯಲ್ಲಿ ಅವನ ರ‍್ಯಾಂಕು ಮಧ್ಯದಲ್ಲೆಲ್ಲೋ ನಿಂತಿತ್ತು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆ.ಇ.ಎ.) ಹಿಂದಿನ ವರ್ಷದ ಪಟ್ಟಿಯಲ್ಲಿ ಅವನ ಪ್ರವರ್ಗಕ್ಕೆ ಯಾವ ಸೀಟು ಯಾವ ರ‍್ಯಾಂಕಿಗೆ ಮುಗಿದಿದೆ ಎಂದು ಇಬ್ಬರೂ ಕೂತು ನೋಡಿದೆವು, ಆ ಎರಡನ್ನೂ ಅವನೇ ಹೊಡೆದುಹಾಕಿದ. ಇನ್ನೊಂದು ವರ್ಷ ಕೂತು ಓದುತ್ತೇನೆ ಎಂಬ ಮಾತಿಗೆ ನಾನು ಉತ್ತೇಜನ ಕೊಡಲಿಲ್ಲ. ವರ್ಷ ಹೋಗುವುದು ಖಚಿತ, ರ‍್ಯಾಂಕು ಏರುವುದು ಖಚಿತವಲ್ಲ.

ಅನಾಟಮಿ, ಬಯೋಕೆಮಿಸ್ಟ್ರಿಯಂಥ ವಿಷಯಗಳನ್ನು ಹುಡುಗರು ಮೂಸಿಯೂ ನೋಡುವುದಿಲ್ಲ. ಸೀಟುಗಳು ಖಾಲಿ ಉಳಿಯುತ್ತವೆಂದು 2023ರಲ್ಲಿ ಅರ್ಹತೆಯ ಪರ್ಸೆಂಟೈಲನ್ನೇ ಸೊನ್ನೆಗೆ ಇಳಿಸಿದ್ದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಆದರೆ ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಈಗ ಚಿಕ್ಕಮಗಳೂರಿನಲ್ಲೂ ಇದೆ. ಪಾಠ ಹೇಳುವ ಮನಸ್ಸಿದ್ದವರಿಗೆ ಸಂಜೆಯೊಳಗೆ ಮನೆ ಸೇರುವ ಕೆಲಸ ತವರಿನಲ್ಲಿಯೇ ಸಿಗುವ ಸಾಧ್ಯತೆ ಮೊದಲಿಗಿಂತ ಹೆಚ್ಚು. ಅವನಿಗೆ ರೋಗಿಗಳನ್ನು ನೋಡಲೇಬೇಕಂತೆ.

ಉಳಿದದ್ದು ಇ.ಎನ್.ಟಿ., ಮನೋವೈದ್ಯಶಾಸ್ತ್ರ, ಅರಿವಳಿಕೆ. ಎಂ.ಡಿ. ಎಂ.ಎಸ್. ಯಾವುದಾದರೂ ಆ ಮೂರು ವರ್ಷ ಡ್ಯೂಟಿ ತಪ್ಪುವುದಿಲ್ಲ ಎಂದು ಮೊದಲೇ ಹೇಳಿದೆ. ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ 1992ರ ನಿರ್ದೇಶನ ಕಾಗದದಲ್ಲಿದ್ದರೂ ನಾನು ಸತತ ಮೂವತ್ತಾರು ಗಂಟೆ ನಿಂತದ್ದುಂಟು. ಮನೋವೈದ್ಯರಿಗೆ ಅನಂತರದ ದಿನಗಳಲ್ಲಿ ಹೆಚ್ಚಿನ ಕೆಲಸ ಹಗಲಿನದು. ಕುಡಿತ ಬಿಟ್ಟ ಮೂರನೆಯ ದಿನ ಕೈ ನಡುಗಿ ಭ್ರಮೆ ಹಿಡಿದವರನ್ನು ಮನೆಯವರು ರಾತ್ರಿ ಕರೆತರುವುದುಂಟು, ಆದರೆ ಅದು ದಿನನಿತ್ಯದ ಮಾತಲ್ಲ. ಬಂಡವಾಳವೆಂದರೆ ಒಂದು ಕೋಣೆ, ಎರಡು ಕುರ್ಚಿ, ತಾಳ್ಮೆ.

ಅವನು ಮನೋವೈದ್ಯಶಾಸ್ತ್ರವನ್ನು ಅರಿವಳಿಕೆಗಿಂತ ಮೇಲೆ ಬರೆದುಕೊಂಡು ಹೋದ. ಸಂಜೆ ಚಿಕ್ಕಮ್ಮನ ಫೋನು ಬಂತು: "ಹುಚ್ಚರ ಡಾಕ್ಟ್ರಾಗ್ತಾನಂತೆ, ನೀನೇನೇ ಹೇಳ್ಕೊಟ್ಟಿದ್ದು? ನಾಳೆ ಹೆಣ್ಣು ಯಾರು ಕೊಡ್ತಾರೆ?"