ಹೂವಿನಕ್ಕನ ಜೊತೆ ಕೋರ್ಟಿಗೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಒಂದು ಮಾತಿದೆ. ಆವತ್ತು ಬಸ್ಸಿನಲ್ಲಿ ಹೂವಿನಕ್ಕ ಇದನ್ನೇ ಎರಡು ಸಲ ಹೇಳಿದಳು.

ಗಂಡ ಬಿಟ್ಟು ಹೋಗಿ ಒಂದೂವರೆ ವರ್ಷ. ಇಬ್ಬರು ಮಕ್ಕಳ ಖರ್ಚಿಗೆ ಒಂದು ರೂಪಾಯಿ ಕಳಿಸಿಲ್ಲ. ಜೀವನಾಂಶದ ಕೇಸು ಹಾಕಲು ಒಬ್ಬರು 15 ಸಾವಿರ ಕೇಳಿದ್ದರಂತೆ. ಅಕ್ಕ ಓಲೆ ಅಡ ಇಡಲು ಹೊರಟಿದ್ದಳು. ನಾನು ತಡೆದು 15100ಕ್ಕೆ ಫೋನ್ ಮಾಡಿದೆ. ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಅಲ್ಲಿಗೆ ಹೋಗಿ ಅಂದರು.

ಮೆಟ್ಟಿಲ ಪಕ್ಕದ ಸಣ್ಣ ಕೋಣೆ. ಅಕ್ಕ ಚಪ್ಪಲಿ ಹೊರಗೇ ಬಿಟ್ಟಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆದಾಯ ಪ್ರಮಾಣಪತ್ರ ತೆಗೆದು ಮೇಜಿನ ಮೇಲೆ ಇಟ್ಟಳು. ಅದಕ್ಕಾಗಿ ಎರಡು ದಿನ ವ್ಯಾಪಾರ ಬಿಟ್ಟು ಓಡಾಡಿದ್ದಳು.

"ಇದು ಬೇಡಮ್ಮ, ಹೆಂಗಸರಿಗೆ ಆದಾಯ ನೋಡಲ್ಲ" ಅಂದರು ಅಲ್ಲಿದ್ದವರು.

ನನಗೆ ಹೊಟ್ಟೆ ಉರಿಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದು ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಇದನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಇದನ್ನು ಬರೆದ ಬೋರ್ಡು ಕೋರ್ಟಿನ ಒಳಗಿದೆ. ಕೋರ್ಟು ಅಂದರೇ ಹೆದರುವವರು ಅದನ್ನು ಓದುವುದು ಹೇಗೆ? ಸಂತೆಯಲ್ಲಿ, ರೇಷನ್ ಅಂಗಡಿ ಮುಂದೆ ಹಾಕಬೇಕಿತ್ತು ಅಲ್ವಾ?

ಅರ್ಜಿಯನ್ನು ಅವರೇ ಕೇಳಿ ಕೇಳಿ ಬರೆದುಕೊಂಡರು. ಗಂಡನ ವಿಳಾಸ ಕೇಳಿದಾಗ ಅಕ್ಕ ತುಂಬಾ ಹೊತ್ತು ಸುಮ್ಮನಿದ್ದಳು. ಬೆರಳಿಗೆ ಸುತ್ತಿಕೊಂಡಿದ್ದ ಬಾಳೆನಾರನ್ನು ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತಿದ್ದಳು. ಆಮೇಲೆ ಊರು, ಬೀದಿ, ಮನೆ ಮುಂದಿನ ಗಿರಣಿ, ಎಲ್ಲ ಒಂದೇ ಉಸಿರಿಗೆ ಹೇಳಿದಳು.

"ಫೀಸು ಎಷ್ಟು ಸಾರ್?" ಮೂರನೇ ಸಲ ಕೇಳಿದಳು.

"ಏನೂ ಇಲ್ಲಮ್ಮ. ಕೋರ್ಟ್ ಫೀ, ಟೈಪಿಂಗು ಎಲ್ಲ ನಮ್ಮದೇ."

ಹತ್ತು ದಿನಕ್ಕೆ ವಕೀಲರೊಬ್ಬರು ಅಕ್ಕನಿಗೆ ಫೋನ್ ಮಾಡಿದರು. ಅವರ ಹತ್ತಿರವೂ ಫೀಸು ಕೇಳಿದಳಂತೆ. ಈಗ ಕೇಸು ನಡೀತಿದೆ. ತೀರ್ಪು ಬರುವವರೆಗೆ ಮಧ್ಯಂತರ ಜೀವನಾಂಶ ಕೊಡಿಸಿ ಅಂತ ಹಾಕಿದ ಅರ್ಜಿ ಮುಂದಿನ ಮಂಗಳವಾರ ವಿಚಾರಣೆಗೆ ಬರುತ್ತದೆ. ಆವತ್ತು ಅಕ್ಕನ ಬುಟ್ಟಿ ಮುಂದೆ ನಾನು ಕೂರುತ್ತೇನೆ. ಮೊಳ ಹಾಕುವುದನ್ನು ನಿನ್ನೆಯೇ ಹೇಳಿಕೊಟ್ಟಿದ್ದಾಳೆ.