ಚರ್ಮದ ಬೂಟು: ಮನೆಯಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು

ಮಳೆಗಾಲ ಮುಗಿದು ಮದುವೆ ಸೀಜನ್ ಶುರುವಾಗುವ ಹೊತ್ತಿಗೆ ಕಪಾಟಿನೊಳಗಿನ ಬೂಟುಗಳು ಹೊರಗೆ ಬರುತ್ತವೆ. ತುದಿ ಸವೆದಿರುತ್ತದೆ, ಬಣ್ಣ ಮಂಕಾಗಿರುತ್ತದೆ, ಮೇಲೊಂದಿಷ್ಟು ಬಿಳಿ ಪುಡಿ. ಬಣ್ಣ ಪೂರ್ತಿ ತೆಗೆದು ಹೊಸದಾಗಿ ಹಚ್ಚುವ ವಿಡಿಯೋ ನೋಡಿದವರಿಗೆ ಕೈ ತುರಿಸುವುದು ಸಹಜ. ಆದರೆ ಪೆಟ್ಟು ಎಲ್ಲಿಗೆ ಬಿದ್ದಿದೆ ಎಂಬುದನ್ನು ಮೊದಲು ನೋಡಬೇಕು: ಪಾಲಿಶ್‌ಗೋ, ಬಣ್ಣಕ್ಕೋ, ಚರ್ಮಕ್ಕೋ, ಅಟ್ಟೆಗೋ. ಮೊದಲಿನ ಎರಡು ಮನೆಯಲ್ಲಿ ಆಗುವ ಕೆಲಸ.

ಗೀಚಿದ ಜಾಗವನ್ನು ಒದ್ದೆ ಬೆರಳಿನಿಂದ ಸವರಿ. ಹಸಿ ಇರುವಷ್ಟು ಹೊತ್ತು ಗೀರು ಮಾಯವಾದರೆ ಕ್ರೀಮ್ ಪಾಲಿಶ್ ಸಾಕು. ಒದ್ದೆಯಾದಾಗಲೂ ಬೆಳ್ಳಗೆ ಎದ್ದು ಕಂಡರೆ ಬಣ್ಣವೇ ಹೋಗಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಚರ್ಮವೇ ಹರಿದಿದೆ. ಬೂಟು ಮಡಚುವ ಕಡೆ, ಬೆರಳುಗಳ ಬುಡದ ಮೇಲೆ, ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ಆಸೆ ಬಿಡಿ. ಎಣ್ಣೆಯಂಶ ಒಣಗಿ ಚರ್ಮದ ನಾರು ತುಂಡಾಗಿರುತ್ತದೆ. ಫಿಲ್ಲರ್ (ಬಿರುಕು ಮುಚ್ಚುವ ಪೇಸ್ಟ್) ತುಂಬಿದರೂ ನಡೆದಾಗಲೆಲ್ಲ ಅಲ್ಲೇ ಮಡಚುವುದರಿಂದ ಮತ್ತೆ ಬಾಯಿ ಬಿಡುತ್ತದೆ. ನಮ್ಮ ಕಡೆಯ ಎರೆಮಣ್ಣು ಇದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಮಡಿಕೆಯೊಳಗೆ ಕೂತ ಮಣ್ಣನ್ನು ಬ್ರಷ್ ಮಾಡದೆ ಪಾಲಿಶ್ ಹಚ್ಚಿದರೆ ಕಣಗಳು ಒಳಗೇ ಕೂತು ಚರ್ಮವನ್ನು ಉಜ್ಜುತ್ತಲೇ ಇರುತ್ತವೆ.

ಬಿಳಿ ಪುಡಿ ಬೂಷ್ಟೋ ಮೇಣವೋ ಎಂಬ ಅನುಮಾನವಿದ್ದರೆ ಹೇರ್ ಡ್ರೈಯರ್ ಅನ್ನು ಸ್ವಲ್ಪ ದೂರದಿಂದ ಹಿಡಿಯಿರಿ. ಮೇಣ, ಕೊಬ್ಬು ಕರಗಿ ಕಾಣದಂತಾಗುತ್ತದೆ. ಬೂಷ್ಟು ಹಾಗೇ ಉಳಿಯುತ್ತದೆ. ಬೂಷ್ಟನ್ನು ಮನೆಯ ಹೊರಗೆ ಬ್ರಷ್ ಮಾಡಿ, ಸಮಪಾಲು ವಿನೆಗರ್ ಮತ್ತು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ನೆರಳಿನಲ್ಲಿ ಒಣಗಿಸಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮುಚ್ಚಿದ ಡಬ್ಬಿಯಲ್ಲಿಟ್ಟ ಬೂಟಿಗೆ ಬೂಷ್ಟು ಬರದಿದ್ದರೆ ಆಶ್ಚರ್ಯ.

ಇನ್ನು ಬಣ್ಣ. ಇಲ್ಲಿ ಚರ್ಮದ ಜಾತಿ ಮುಖ್ಯ. ಕಾಣದ ಮೂಲೆಯಲ್ಲಿ, ನಾಲಿಗೆಯ ಮೇಲೆ ಲೇಸಿನ ಕೆಳಗೆ, ಒಂದು ಹನಿ ನೀರು ಬಿಡಿ. ನಿಧಾನಕ್ಕೆ ಹೀರಿ ಕಪ್ಪಾದರೆ ಮೇಲೆ ದಪ್ಪ ಲೇಪವಿಲ್ಲ, ಬಣ್ಣ ಒಳಗಿಳಿಯುತ್ತದೆ. ಹನಿ ಹಾಗೇ ನಿಂತರೆ ಮೇಲೆ ಮೇಣವಿರಬಹುದು; ಒರೆಸಿ ತೆಗೆದು ಮತ್ತೆ ನೋಡಿ. ಆಗಲೂ ನಿಂತರೆ ಅದು ಪ್ಲಾಸ್ಟಿಕ್ಕಿನಂಥ ಲೇಪ ಕೊಟ್ಟ ಚರ್ಮ, ಕನ್ನಡಿಯಂತೆ ಹೊಳೆಯುವ ಆಫೀಸ್ ಬೂಟುಗಳಲ್ಲಿ ಸಾಮಾನ್ಯ. ಅದಕ್ಕೆ ಡೈ (ಚರ್ಮದೊಳಗೆ ಇಳಿಯುವ ಬಣ್ಣ) ಹಚ್ಚಿದರೆ ಮೇಲೇ ಕೂತು ಸಿಪ್ಪೆಯಾಗಿ ಏಳುತ್ತದೆ. ಅಂಥದ್ದಕ್ಕೆ ಬಣ್ಣದ ಕ್ರೀಮ್ ಪಾಲಿಶ್ ಬಿಟ್ಟು ಬೇರೇನೂ ಬೇಡ.

ಹೀರುವ ಚರ್ಮವಾದರೆ ಹಳೆ ಬಣ್ಣ ತೆಗೆಯಲು ಅಸಿಟೋನ್ ಬಳಸಬಹುದು. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಸೇರಿರುತ್ತದೆ. ಲೇಸ್ ತೆಗೆಯಿರಿ, ಕಿಟಕಿ ತೆರೆಯಿರಿ, ಒಲೆಯ ಹತ್ತಿರ ಕೂರಬೇಡಿ. ಹತ್ತಿಯನ್ನು ತೊಯ್ಯಿಸದೆ ತೇವ ಮಾಡಿ, ಒತ್ತದೆ ಒಂದೇ ದಿಕ್ಕಿಗೆ ಎಳೆಯಿರಿ, ಕೊಳೆಯಾದ ಹತ್ತಿಯನ್ನು ಆಗಾಗ ಬದಲಿಸಿ. ಹೆಚ್ಚು ಸುರಿದರೆ ಅಂಚಿನ ಅಂಟು ಬಿಡುತ್ತದೆ, ಮೂತಿಯೊಳಗಿನ ಗಟ್ಟಿ ಪದರ ಮೆತ್ತಗಾಗಬಹುದು. ಅಸಿಟೋನ್ ಚರ್ಮದ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಡೈ ಒಣಗಿದ ಮೇಲೆ ಚರ್ಮಕ್ಕೆ ಎಣ್ಣೆಯಂಶ ಮರಳಿಸುವ ಕಂಡೀಷನರ್ ಕಡ್ಡಾಯ. ಡೈಯನ್ನು ಎರಡು ತೆಳು ಪದರಗಳಾಗಿ ಹಚ್ಚಿ, ನಡುವೆ ಒಣಗಲು ಬಿಡಿ. ಒಂದು ರಾತ್ರಿ ಕಳೆದ ಮೇಲೆ ಒಣ ಬಟ್ಟೆಯಿಂದ ಉಜ್ಜಿ ಉಳಿದ ಪುಡಿ ತೆಗೆಯಿರಿ. ಇದನ್ನು ಬಿಟ್ಟರೆ ಕಪ್ಪು ಬಣ್ಣ ಪ್ಯಾಂಟಿನ ಅಂಚಿಗೆ ಹತ್ತುತ್ತದೆ. ಕಂಡೀಷನರ್ ಆದ ಮೇಲೆ ಕ್ರೀಮ್, ಕೊನೆಗೆ ಮೇಣದ ಪಾಲಿಶ್. ಡೈಯಿಂದ ಕಂದು ಬೂಟು ಕಪ್ಪಾಗುತ್ತದೆ, ಕಪ್ಪು ಬೂಟು ಕಂದಾಗುವುದಿಲ್ಲ.

ಕಂಡೀಷನರ್ ಬದಲು ಕೊಬ್ಬರಿ ಎಣ್ಣೆ ಹಚ್ಚುವವರು ಬಹಳ. ಬೇಡ. ಚರ್ಮ ಕಪ್ಪಾಗುತ್ತದೆ, ಮೇಲೆ ಪಾಲಿಶ್ ಹಿಡಿಯುವುದಿಲ್ಲ, 24 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹೆಪ್ಪುಗಟ್ಟುವುದರಿಂದ ನಮ್ಮ ಚಳಿಗಾಲದ ಬೆಳಿಗ್ಗೆ ಮಡಿಕೆಗಳಲ್ಲಿ ಬೆಳ್ಳಗೆ ಕಾಣುತ್ತದೆ.

ಅಟ್ಟೆಯ ವಿಷಯಕ್ಕೆ ಬಂದರೆ ಬೂಟು ಹೇಗೆ ಕಟ್ಟಿದೆ ಎಂದು ನೋಡಿ. ಅಂಚಿನ ಸುತ್ತ ಮೇಲೆ ಕಾಣುವ ಹೊಲಿಗೆ ನಿಜವಾದ ದಾರವೇ, ಉಗುರಿನಿಂದ ಎಬ್ಬಿಸಿ ನೋಡಿ. ರಬ್ಬರಿನಲ್ಲೇ ಅಚ್ಚೊತ್ತಿದ ಸುಳ್ಳು ಹೊಲಿಗೆ ಬೇಕಾದಷ್ಟಿದೆ. ಅದು ದಾರವಾಗಿದ್ದು ಅಟ್ಟೆಯ ಕೆಳಗೂ ಕಂಡರೆ ಅಟ್ಟೆ ಬದಲಿಸಲು ಬರುತ್ತದೆ. ಬರೀ ಅಂಟಿನ ಬೂಟಿನಲ್ಲಿ ಮೂತಿ ಬಾಯಿ ಬಿಟ್ಟಿದ್ದರೆ, ಅಟ್ಟೆ ಗಟ್ಟಿ ಇದ್ದಾಗ, ಮನೆಯಲ್ಲಿ ಅಂಟಿಸಬಹುದು. ಹಳೆ ಅಂಟನ್ನು ಉಪ್ಪು ಕಾಗದದಿಂದ ಪೂರ್ತಿ ಉಜ್ಜಿ ತೆಗೆದು, ಫೆವಿಬಾಂಡ್‌ನಂಥ ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಸವರಿ, 10-15 ನಿಮಿಷ ಕಾದು, ಬೆರಳಿಗೆ ಹತ್ತದಷ್ಟು ಒಣಗಿದಾಗ ಗಟ್ಟಿಯಾಗಿ ಒತ್ತಿ, ಒಂದು ದಿನ ಹಾಗೇ ಬಿಡಬೇಕು. ಹಸಿ ಇದ್ದಾಗಲೇ ಒತ್ತುವುದರಿಂದಲೇ ಹೆಚ್ಚಿನವು ಮತ್ತೆ ಬಿಚ್ಚುತ್ತವೆ. ಫೆವಿಕ್ವಿಕ್ ಗಾಜಿನಂತೆ ಪೆಡಸಾಗುತ್ತದೆ, ನಡಿಗೆಯ ಬಳುಕಿಗೆ ಒಡೆಯುತ್ತದೆ. ವರ್ಷಗಟ್ಟಲೆ ಸುಮ್ಮನಿಟ್ಟ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಅಟ್ಟೆ ಕೈಯಲ್ಲಿ ಪುಡಿಯಾದರೆ ಅದು ಗಾಳಿಯ ತೇವಕ್ಕೆ ಒಳಗಿಂದಲೇ ಹಾಳಾದದ್ದು, ಯಾವ ಅಂಟೂ ಹಿಡಿಯದು.

ಹಿಮ್ಮಡಿಯ ರಬ್ಬರ್, ಅಟ್ಟೆಯ ಹೊಲಿಗೆ ಎರಡನ್ನೂ ರಿಪೇರಿಯವರಿಗೇ ಕೊಡಿ. ಅವರ ಹತ್ತಿರ ಕಬ್ಬಿಣದ ಅಡಿ, ಚರ್ಮ ಕೊಯ್ಯುವ ರಂಪಿಗೆ, ಹೊಲಿಯುವ ಉಳಿ ಇವೆ, ಕೈಗೆ ಅಳತೆ ಗೊತ್ತಿದೆ. ಹಿಮ್ಮಡಿ ರಬ್ಬರನ್ನು ಅದರ ಮೇಲಿನ ಚರ್ಮದ ಪದರ ನೆಲಕ್ಕೆ ತಾಗುವ ಮೊದಲೇ ಬದಲಿಸಬೇಕು. ತಡವಾದರೆ ಇಡೀ ಹಿಮ್ಮಡಿ ಕಟ್ಟಬೇಕಾಗುತ್ತದೆ. ಅಟ್ಟೆಯ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಗಿಳಿದರೆ ಕಾಯುವುದು ಬೇಡ. ಕೊಡುವಾಗ ಬಾಯಿ ಬಿಟ್ಟು ಹೇಳಿ: ‘ಬರೇ ಅಂಟ ಹಚ್ಚಬ್ಯಾಡ್ರಿ, ಸುತ್ತ ಹೊಲಿಗಿ ಹಾಕ್ರಿ. ಮೊಳಿ ಹೊಡಿಬ್ಯಾಡ್ರಿ, ಅಂಚ ಕೆತ್ತಬ್ಯಾಡ್ರಿ.’ ಮೊಳೆ ಹೊಡೆದರೆ ಅಟ್ಟೆ ಸವೆದಂತೆ ತುದಿ ಒಳಗೆ ಬಂದು ಪಾದಕ್ಕೆ ಚುಚ್ಚುತ್ತದೆ. ಅಂಚು ಕೆತ್ತಿದರೆ ಮುಂದಿನ ಸಲ ಹೊಲಿಯಲು ಜಾಗವೇ ಇರುವುದಿಲ್ಲ.